ಹೂಂಗುಟ್ಟುವ ಮಗು, ಪಿಸುಗುಡುವ ಹಿರಿಯರು: ಕನ್ನಡ ಕುಟುಂಬಚಿತ್ರಗಳ ಸಹವೀಕ್ಷಣೆಯನ್ನು ಕುರಿತ ಒಂದು ಜಾನಪದೀಯ ವಿವೇಚನೆ

೧

ಕನ್ನಡ ಚಲನಚಿತ್ರಗಳ ಜಾಹೀರಾತು ಹಾಗೂ ವಿಮರ್ಶೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತೊಂದಿದೆ: ‘ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಚಿತ್ರ’. ಮೇಲ್ನೋಟಕ್ಕೆ ಇದು ಮೆಚ್ಚುಗೆಯ ಮಾತು. ಆದರೆ ಇದರ ಅರ್ಥವನ್ನು ಬಿಡಿಸಿ ನೋಡಿದರೆ ಸಿಗುವುದು ಒಂದು ನಕಾರಾತ್ಮಕ ಪಟ್ಟಿ. ಅಶ್ಲೀಲವಿಲ್ಲ, ರಕ್ತಪಾತವಿಲ್ಲ, ದ್ವಂದ್ವಾರ್ಥದ ಸಂಭಾಷಣೆಯಿಲ್ಲ, ಆದ್ದರಿಂದ ಮಕ್ಕಳನ್ನು ಕರೆದೊಯ್ಯಬಹುದು. ಚಿತ್ರದಲ್ಲಿ ಏನಿಲ್ಲ ಎಂಬುದರ ಮೇಲೆ ನಿಂತ ಈ ಅಳತೆಗೋಲು, ಚಿತ್ರದಲ್ಲಿ ಏನಿರಬೇಕು ಎಂಬ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ತಂದೆತಾಯಿ ಮತ್ತು ಮಕ್ಕಳು ಒಟ್ಟಿಗೆ ಕುಳಿತು ಒಂದು ಕತೆಯನ್ನು ಅನುಭವಿಸುವಾಗ ಅವರ ನಡುವೆ ನಡೆಯುವುದೇನು ಎಂಬುದರ ಬಗೆಗೆ ನಮ್ಮ ಚಲನಚಿತ್ರ ವಿಮರ್ಶೆ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ.

ಕಾನೂನು ಕೂಡ ಈ ನಕಾರಾತ್ಮಕ ನೆಲೆಯಲ್ಲಿಯೇ ಹುಟ್ಟಿಕೊಂಡದ್ದು. ೧೯೫೨ರ ಸಿನಿಮಾಟೋಗ್ರಾಫ್ ಕಾಯಿದೆಯಲ್ಲಿ ಎಲ್ಲರಿಗೂ ಮುಕ್ತವಾದ ‘ಯು’ ಮತ್ತು ವಯಸ್ಕರಿಗೆ ಮಾತ್ರವಾದ ‘ಎ’ ಎಂಬ ಎರಡೇ ವರ್ಗಗಳಿದ್ದವು. ೧೯೮೩ರಲ್ಲಿ ‘ಯು/ಎ’ ಎಂಬ ನಡುವಣ ವರ್ಗ ಬಂತು. ಹನ್ನೆರಡು ವರ್ಷದೊಳಗಿನ ಮಕ್ಕಳು ಪಾಲಕರ ಮಾರ್ಗದರ್ಶನದಲ್ಲಿ ನೋಡಬೇಕಾದ ಚಿತ್ರಗಳಿಗೆ ಈ ಪ್ರಮಾಣಪತ್ರ. ೨೦೨೩ರ ತಿದ್ದುಪಡಿ ಕಾಯಿದೆ ಮತ್ತು ೨೦೨೪ರ ನಿಯಮಗಳು ಇದನ್ನು ಏಳು, ಹದಿಮೂರು, ಹದಿನಾರು ಎಂಬ ವಯೋಮಾನಗಳಲ್ಲಿ ಒಡೆದಿವೆ. ಜಾನಪದ ವಿದ್ಯಾರ್ಥಿಯ ಕಣ್ಣಿಗೆ ಇಲ್ಲೊಂದು ಸ್ವಾರಸ್ಯ ಕಾಣುತ್ತದೆ. ‘ಯು’ ಚಿತ್ರಕ್ಕೆ ಮಗುವನ್ನು ಒಳಗೆ ಬಿಟ್ಟು ತಂದೆ ಹೊರಗೆ ಚಹಾ ಕುಡಿಯಬಹುದು. ‘ಯು/ಎ’ ಚಿತ್ರಕ್ಕಾದರೋ ಹಿರಿಯರು ಪಕ್ಕದಲ್ಲಿಯೇ ಇರಬೇಕೆಂಬುದು ಕಾನೂನಿನ ಇಂಗಿತ. ಹಾಗಿದ್ದಲ್ಲಿ ನಿಜವಾದ ಅರ್ಥದಲ್ಲಿ ಕುಟುಂಬಚಿತ್ರ ಯಾವುದು? ಯಾರ ಜೊತೆಗೂ ಇರಬೇಕಾಗಿಲ್ಲದ ಚಿತ್ರವೋ, ಜೊತೆಗೊಬ್ಬರು ಇಲ್ಲದಿದ್ದರೆ ನೋಡಲಾಗದ ಚಿತ್ರವೋ?

ಎರಡನೆಯದೆಂಬುದು ಈ ಲೇಖನದ ನಿಲುವು. ಮೌಖಿಕ ಪರಂಪರೆಯಲ್ಲಿ ಮಕ್ಕಳು ಮತ್ತು ಹಿರಿಯರು ಒಟ್ಟಿಗೆ ಕೇಳುತ್ತಿದ್ದ, ನೋಡುತ್ತಿದ್ದ ಪ್ರಕಾರಗಳಲ್ಲಿ ಭಯ, ಸಾವು, ಅನ್ಯಾಯಗಳನ್ನು ಹೊರಗಿಟ್ಟಿರಲಿಲ್ಲ. ಅವುಗಳನ್ನು ಹಂಚಿಕೊಳ್ಳುವ ಒಂದು ಕ್ರಮವಿತ್ತು. ಆ ಕ್ರಮದ ಬೆಳಕಿನಲ್ಲಿ ಕನ್ನಡದ ಕೆಲವು ಚಿತ್ರಗಳನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

೨

ಕರ್ನಾಟಕದ ಬಹುತೇಕ ಮಕ್ಕಳು ಕೇಳುವ ಮೊದಲ ಕತೆಗಳಲ್ಲಿ ‘ಕಾಗಕ್ಕ ಗುಬ್ಬಕ್ಕ’ ಒಂದು. ಕಾಗಕ್ಕನ ಮನೆ ಮಳೆಗೆ ಕೊಚ್ಚಿಹೋಗುತ್ತದೆ. ಗಟ್ಟಿಮುಟ್ಟಾದ ಮನೆ ಕಟ್ಟಿಕೊಂಡ ಗುಬ್ಬಕ್ಕನ ಬಾಗಿಲನ್ನು ಅದು ತಟ್ಟುತ್ತದೆ. ಮಗುವಿಗೆ ನೀರೆರೆಯುತ್ತಿದ್ದೇನೆ, ಬಟ್ಟೆ ತೊಡಿಸುತ್ತಿದ್ದೇನೆ, ಉಣಿಸುತ್ತಿದ್ದೇನೆ ಎಂದು ಗುಬ್ಬಕ್ಕ ಒಂದೊಂದೇ ನೆಪ ಹೇಳಿ ಅದನ್ನು ಮಳೆಯಲ್ಲಿ ನಿಲ್ಲಿಸುತ್ತದೆ. ಮುಂದಿನದು ಪಾಠಾಂತರದಿಂದ ಪಾಠಾಂತರಕ್ಕೆ ಬದಲಾಗುತ್ತದೆ. ಕೆಲವೆಡೆ ಕಾಗೆ ಒಲೆಯ ಬಳಿ ಸುಟ್ಟುಕೊಳ್ಳುತ್ತದೆ. ಕೆಲವೆಡೆ ಗುಬ್ಬಿಯ ಮರಿಗಳಿಗೇ ಕುತ್ತು ಬರುತ್ತದೆ. ಇನ್ನು ಕೆಲವೆಡೆ ಎಲ್ಲರೂ ಸುಖವಾಗಿ ಮಲಗುತ್ತಾರೆ. ಕತೆಯ ತಿರುಳಿನಲ್ಲಿ ಕ್ರೌರ್ಯವಿದೆ. ಆದರೂ ಇದನ್ನು ಇನ್ನೂ ಮಾತು ಕೂಡಿಸಲು ಬಾರದ ಕೂಸಿಗೆ ತುತ್ತು ತಿನ್ನಿಸುತ್ತ ಹೇಳಲಾಗುತ್ತದೆ.

ಇದು ಸಾಧ್ಯವಾಗುವುದು ಕತೆಯಿಂದಲ್ಲ, ಕತೆ ಹೇಳುವ ಸನ್ನಿವೇಶದಿಂದ. ಕೇಳುವ ಮಗು ‘ಹೂಂ’ಗುಟ್ಟಬೇಕು ಎಂಬುದು ನಮ್ಮ ಕಥನ ಪರಂಪರೆಯ ಅಲಿಖಿತ ನಿಯಮ. ‘ಹೂಂ’ ನಿಂತರೆ ಕತೆಯೂ ನಿಲ್ಲುತ್ತದೆ. ಆ ‘ಹೂಂ’ನ ದನಿಯಲ್ಲಿಯೇ ಮಗು ಹೆದರಿದೆಯೇ, ತೂಕಡಿಸುತ್ತಿದೆಯೇ, ಮುಂದಿನದಕ್ಕೆ ಕಾತರಿಸಿದೆಯೇ ಎಂಬುದನ್ನು ಕತೆಗಾರ್ತಿ ಅಳೆಯುತ್ತಾಳೆ; ಅದಕ್ಕೆ ತಕ್ಕಂತೆ ಕಾಗೆಯನ್ನು ಸುಡುತ್ತಾಳೆ ಅಥವಾ ಉಳಿಸುತ್ತಾಳೆ. ಪಾಠಾಂತರಗಳನ್ನು ನಾವು ಪ್ರಾದೇಶಿಕ ಭೇದವೆಂದು ಪಟ್ಟಿ ಮಾಡುತ್ತ ಬಂದಿದ್ದೇವೆ. ಅವುಗಳಲ್ಲಿ ಎಷ್ಟೋ, ಒಂದು ಸಂಜೆ ಒಂದು ಮಗುವಿನ ಮುಖ ನೋಡಿ ಮಾಡಿಕೊಂಡ ಹೊಂದಾಣಿಕೆಗಳಿರಬಹುದೆಂಬ ಅನುಮಾನ ನನಗೆ ಕ್ಷೇತ್ರಕಾರ್ಯದ ಉದ್ದಕ್ಕೂ ಇದೆ.

ಗೋವಿನ ಹಾಡಿನಲ್ಲಿಯೂ ಇದೇ ಬಗೆ. ಪುಣ್ಯಕೋಟಿ ಸಾಯಲೆಂದು ಹೊರಟು ಕರುವನ್ನು ಬೀಳ್ಕೊಡುವ ಭಾಗವನ್ನು ಹಾಡುವಾಗ ತಾಯಂದಿರ ಕಣ್ಣು ತೇವವಾಗುವುದು ಸಾಮಾನ್ಯ. ತಾನಿಲ್ಲದಿದ್ದರೆ ಈ ಮಗುವಿನ ಗತಿಯೇನು ಎಂಬುದು ತಾಯಿಯ ಅಳಲು. ಅಮ್ಮ ಹಿಂದಿರುಗಿ ಬರುವಳೇ ಎಂಬುದು ಮಗುವಿನ ಆತಂಕ. ಒಂದೇ ಪದ್ಯ ಇಬ್ಬರನ್ನೂ ಬೇರೆ ಬೇರೆ ಕಡೆಯಿಂದ ಮುಟ್ಟುತ್ತದೆ. ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ಇಷ್ಟು ಘೋರವಾದುದನ್ನು ಶಾಲೆಯ ಪಠ್ಯದಲ್ಲಿ ತಲೆಮಾರುಗಳ ಕಾಲ ಓದಿಸಿದರೂ ಮಕ್ಕಳು ಕೆಟ್ಟದ್ದನ್ನು ಕಾಣೆವು.

ಎ. ಕೆ. ರಾಮಾನುಜನ್ ಅವರು ಕನ್ನಡ ಜಾನಪದದ ಎರಡು ವಲಯಗಳನ್ನು ಕುರಿತು ೧೯೮೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮನೆಯೊಳಗೆ ಹೆಂಗಸರು ಹೇಳುವ ಕತೆಗಳನ್ನೂ ಬಯಲಿನಲ್ಲಿ ವೃತ್ತಿಗಾಯಕರು ನಿರೂಪಿಸುವ ಕಥನಗಳನ್ನೂ ತಮಿಳು ಕಾವ್ಯಮೀಮಾಂಸೆಯ ಅಗಮ್–ಪುರಮ್ ಪರಿಕಲ್ಪನೆಗಳ ಮೂಲಕ ಬೇರ್ಪಡಿಸಿ ತೋರಿಸಿದ್ದಾರೆ. ಮನೆಯೊಳಗಿನ ಕತೆಯಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಒಬ್ಬ ರಾಜ, ಒಬ್ಬಳು ಮುದುಕಿ, ಅಷ್ಟೆ. ಬಯಲಿಗೆ ಬಂದಂತೆ ಹೆಸರು, ಊರು, ವೇಷಭೂಷಣಗಳು ಸೇರಿಕೊಳ್ಳುತ್ತವೆ. ಚಲನಚಿತ್ರವು ಈ ಅರ್ಥದಲ್ಲಿ ಪೂರ್ಣವಾಗಿ ಬಯಲಿನ ಪ್ರಕಾರ. ಆದರೆ ಕುಟುಂಬಚಿತ್ರವೆಂದು ಕರೆಸಿಕೊಂಡಾಗ ಅದು ಅಡುಗೆಮನೆಯ ಕತೆಯ ಕೆಲಸವನ್ನೂ ಮಾಡಬೇಕಾಗುತ್ತದೆ. ರಾಮಾನುಜನ್ ಅವರೇ ವಿಶ್ಲೇಷಿಸಿದ, ಹೂಮರವಾಗುವ ಹುಡುಗಿಯ ಕತೆಯನ್ನು ಗಿರೀಶ ಕಾರ್ನಾಡರು ೧೯೯೨ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿ ಮಾಡಿದಾಗ ಈ ಬಿಕ್ಕಟ್ಟು ಎದ್ದು ಕಾಣುತ್ತದೆ. ಹೇಳುವಾಗ ಮರದ ಕೊಂಬೆ ಮುರಿಯುವುದು ಒಂದು ಮಾತು. ತೆರೆಯ ಮೇಲೆ ಅದೊಂದು ಗಾಯ. ಮಾತನ್ನು ಮೆತ್ತಗೆ ಆಡಬಹುದು, ದೃಶ್ಯವನ್ನು ಪ್ರೇಕ್ಷಕನ ವಯಸ್ಸಿಗೆ ತಕ್ಕಂತೆ ಮೆತ್ತಗಾಗಿಸಲು ಬಾರದು.

ಹಾಗೆಂದು ದೃಶ್ಯಪ್ರಕಾರಗಳಿಗೆ ದಾರಿಯೇ ಇರಲಿಲ್ಲವೆಂದಲ್ಲ. ಯಕ್ಷಗಾನ, ಮೂಡಲಪಾಯ, ದೊಡ್ಡಾಟಗಳು ರಾತ್ರಿಯಿಡೀ ನಡೆಯುತ್ತಿದ್ದವು. ಮಕ್ಕಳು ಚಾಪೆಯ ಮೇಲೆ, ತಾಯಿಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದರು. ಬಣ್ಣದ ವೇಷ ಬರುವ ಹೊತ್ತಿಗೆ ಚೆಂಡೆಯ ಆರ್ಭಟಕ್ಕೆ ತಾವಾಗಿ ಎಚ್ಚರಗೊಳ್ಳುತ್ತಿದ್ದರು ಅಥವಾ ಎಬ್ಬಿಸುವಂತೆ ಮೊದಲೇ ಹೇಳಿಟ್ಟಿರುತ್ತಿದ್ದರು. ಆ ನಿದ್ದೆಯನ್ನು ರಂಗವಿಮರ್ಶಕರು ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ದೃಷ್ಟಿಯಲ್ಲಿ ಅದು ರಸಾಸ್ವಾದದ ಒಂದು ಅಂಗ. ಎಷ್ಟು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಗುವೇ ನಿರ್ಧರಿಸಿಕೊಳ್ಳುತ್ತಿತ್ತು. ದೀರ್ಘವಾದ ಅರ್ಥಗಾರಿಕೆ ಹಿರಿಯರ ಪಾಲು, ರಾಕ್ಷಸನ ಒಡ್ಡೋಲಗ ಮತ್ತು ಹಾಸ್ಯಗಾರ ಮಗುವಿನ ಪಾಲು. ಮೂಡಲಪಾಯದ ಕೋಡಂಗಿಯಾಗಲಿ ಯಕ್ಷಗಾನದ ಹಾಸ್ಯಗಾರನಾಗಲಿ ಬರೀ ನಗಿಸಲು ಇದ್ದವರಲ್ಲ. ಭಯಂಕರವಾದುದರ ಪಕ್ಕದಲ್ಲಿ ನಿಂತು ಅದನ್ನು ಆಡುಮಾತಿಗೆ ಇಳಿಸುವವರು ಅವರು. ರಂಗದ ಮೇಲಿನ ಪಿಸುಮಾತು ಎನ್ನಬಹುದು.

೩

ಕನ್ನಡ ವಾಕ್ಚಿತ್ರದ ಹುಟ್ಟಿನಲ್ಲಿಯೇ ಒಬ್ಬ ನೊಂದ ಮಗುವಿದ್ದಾನೆ ಎಂಬುದನ್ನು ಗಮನಿಸಬೇಕು. ೧೯೩೪ರಲ್ಲಿ ‘ಸತಿ ಸುಲೋಚನಾ’ದ ಬೆನ್ನಿಗೇ ತೆರೆಕಂಡ ‘ಭಕ್ತ ಧ್ರುವ’ದ ನಾಯಕ, ಮಲತಾಯಿಯ ಮಾತಿನಿಂದ ತಂದೆಯ ತೊಡೆಯಿಂದ ಇಳಿಸಲ್ಪಟ್ಟ ಹುಡುಗ. ಜನಪದ ಕತೆಗಳ ಮಲತಾಯಿ ಆಶಯವೂ ಪುರಾಣವೂ ಇಲ್ಲಿ ಒಂದಾಗಿವೆ. ತೆಲುಗಿನ ಮೊದಲ ವಾಕ್ಚಿತ್ರ ‘ಭಕ್ತ ಪ್ರಹ್ಲಾದ’ (೧೯೩೨) ಎಂಬುದೂ ಆಕಸ್ಮಿಕವಲ್ಲ. ಧ್ರುವ, ಪ್ರಹ್ಲಾದ, ಮಾರ್ಕಂಡೇಯ, ಲೋಹಿತಾಶ್ವ – ನಮ್ಮ ಬಯಲಾಟ, ಹರಿಕಥೆ, ಕಂಪನಿ ನಾಟಕಗಳ ಮಕ್ಕಳೆಲ್ಲ ಸಾವಿನ ಅಂಚಿನಲ್ಲಿ ನಿಂತವರು. ಇವುಗಳನ್ನು ನೋಡಲು ಜನ ಸಂಸಾರ ಸಮೇತ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು.

೧೯೮೩ರಲ್ಲಿ ವಿಜಯ್ ನಿರ್ದೇಶಿಸಿದ ‘ಭಕ್ತ ಪ್ರಹ್ಲಾದ’ ಈ ಪರಂಪರೆಯ ಕೊನೆಯ ದೊಡ್ಡ ಚಿತ್ರಗಳಲ್ಲೊಂದು. ಅದರ ಹೂರಣವನ್ನು ಪುರಾಣದ ಹೊದಿಕೆ ತೆಗೆದು ಹೇಳಿದರೆ ಹೀಗಾಗುತ್ತದೆ: ತನ್ನ ಮಾತು ಕೇಳದ ಮಗನನ್ನು ತಂದೆಯೊಬ್ಬ ಮತ್ತೆ ಮತ್ತೆ ಕೊಲ್ಲಲು ಯತ್ನಿಸುತ್ತಾನೆ, ಕೊನೆಗೆ ಮಗನ ಕಣ್ಣೆದುರೇ ಹೊಸ್ತಿಲ ಮೇಲೆ ತಂದೆಯ ಹೊಟ್ಟೆ ಬಗೆಯಲಾಗುತ್ತದೆ. ಇಂದಿನ ಯಾವ ಮಾನದಂಡದಿಂದಲೂ ಇದು ಮಕ್ಕಳ ಕತೆಯಲ್ಲ. ಆದರೂ ಕನ್ನಡಿಗರ ಪಾಲಿಗೆ ಇದಕ್ಕಿಂತ ಮಿಗಿಲಾದ ಕುಟುಂಬಚಿತ್ರ ಇನ್ನೊಂದಿರಲಾರದು. ಕಾರಣಗಳನ್ನು ಭಕ್ತಿಯಲ್ಲಿ ಮಾತ್ರ ಹುಡುಕುವುದು ಸಾಲದು. ಮೊದಲನೆಯದಾಗಿ, ಕತೆ ಗೊತ್ತಿರುವುದು. ಆನೆ ತುಳಿಯುವುದಿಲ್ಲ, ಬೆಂಕಿ ಸುಡುವುದಿಲ್ಲ ಎಂಬುದು ಮಗುವಿಗೆ ಮೊದಲೇ ತಿಳಿದಿದೆ. ತಿಳಿದೂ ಹೆದರುವ ಸುಖ ಅದಕ್ಕೆ ಸಿಗುತ್ತದೆ. ಎರಡನೆಯದಾಗಿ, ಹಿರಣ್ಯಕಶಿಪುವಾಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಅವರ ಮಗ ಲೋಹಿತ್, ಅಂದರೆ ಮುಂದೆ ಪುನೀತ್ ಆದ ಬಾಲಕ. ತೆರೆಯ ಮೇಲೆ ಗದರುವವನು ಮನೆಯಲ್ಲಿ ಮುದ್ದಿಸುವ ಅಪ್ಪನೆಂಬುದು ಪ್ರೇಕ್ಷಕರಿಗೆಲ್ಲ ಗೊತ್ತಿತ್ತು. ಬಣ್ಣದ ವೇಷದ ಹಿಂದೆ ಇರುವವನು ಪಕ್ಕದೂರಿನ ಇಂಥವನೆಂದು ತಿಳಿದೂ ಹೆದರುವ ಬಯಲಾಟದ ಪ್ರೇಕ್ಷಕನ ಸ್ಥಿತಿಯೇ ಇದು. ವೇಷ ಮತ್ತು ವೇಷಧಾರಿ ಎರಡೂ ಒಟ್ಟಿಗೆ ಕಾಣುವ ಈ ಇಬ್ಬಗೆಯ ನೋಟ ಮಗುವಿಗೆ ದೊಡ್ಡ ಆಸರೆ.

ಇನ್ನೊಂದು ಅಂಶ ಪಾಲಕರಿಗೆ ಸಂಬಂಧಿಸಿದ್ದು. ಹಠಮಾರಿ ಮಗನೆದುರು ಸೋಲುವ ತಂದೆಯ ಅಸಹಾಯಕತೆಯನ್ನು ರಾಜ್‌ಕುಮಾರ್ ಅವರು ದರ್ಪದ ನಡುವೆಯೂ ಕಾಣಿಸುತ್ತಾರೆ. ಮಗನನ್ನು ದಂಡಿಸಿದ ಪ್ರತಿಯೊಬ್ಬ ತಂದೆಗೂ ಅಲ್ಲೊಂದು ಮುಜುಗರ ಕಾದಿದೆ. ಸಭಾಗೃಹದ ಕತ್ತಲೆಯಲ್ಲಿ ಮಗು ತನ್ನ ಅಪ್ಪನ ಕಡೆಗೊಮ್ಮೆ ತಿರುಗಿ ನೋಡಿದರೆ, ಆ ನೋಟವನ್ನು ಎದುರಿಸುವ ಕಷ್ಟ ಅಪ್ಪನದು. ಪುನೀತ್ ೨೦೨೧ರಲ್ಲಿ ತೀರಿಕೊಂಡ ಮೇಲೆ ಈ ಚಿತ್ರಕ್ಕೆ ಮತ್ತೊಂದು ಪದರವೂ ಸೇರಿಕೊಂಡಿದೆ. ಸಾವನ್ನು ಗೆದ್ದ ಬಾಲಕನನ್ನು ಮಕ್ಕಳು ಬೆರಗಿನಿಂದ ನೋಡುವಾಗ ಪಕ್ಕದ ಹಿರಿಯರು ನೆನೆಯುವುದು ಬೇರೆಯದನ್ನು.

೪

ಪುರಾಣದಿಂದ ಸಾಮಾಜಿಕಕ್ಕೆ ಬಂದಾಗ ಗೊತ್ತಿರುವ ಕತೆಯ ಆಸರೆ ಇಲ್ಲವಾಗುತ್ತದೆ. ಇದೇ ಲೋಹಿತ್ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದ ‘ಬೆಟ್ಟದ ಹೂವು’ (೧೯೮೫) ಈ ಕಷ್ಟವನ್ನು ಎದುರಿಸಿದ ಬಗೆ ವಿಶಿಷ್ಟವಾದುದು. ಎನ್. ಲಕ್ಷ್ಮೀನಾರಾಯಣ್ ಈ ಚಿತ್ರಕ್ಕೆ ಆಧಾರವಾಗಿ ಆರಿಸಿಕೊಂಡದ್ದು ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಕಾದಂಬರಿಯನ್ನು. ಬಡ ಹುಡುಗ ರಾಮು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆಯಿಂದ ಬೆಟ್ಟದ ಹೂಗಳನ್ನು ಆಯ್ದು ತಂದು ಮಾರಿ ಹಣ ಕೂಡಿಡುತ್ತಾನೆ. ಕೊನೆಗೆ ಆ ಹಣವನ್ನು ಮನೆಯವರ ಚಳಿಗೆ ಕಂಬಳಿ ಕೊಳ್ಳಲು ವ್ಯಯಿಸುತ್ತಾನೆ.

ವ್ಲಾದಿಮಿರ್ ಪ್ರಾಪ್ ವಿವರಿಸಿದ ಕಿನ್ನರಕತೆಯ ರಚನೆಯಲ್ಲಿ ನಾಯಕನಿಗೆ ಮಾಂತ್ರಿಕ ವಸ್ತುವನ್ನು ನೀಡುವ ದಾತೃ ಪಾತ್ರವೊಂದಿದೆ. ನಮ್ಮ ಕತೆಗಳಲ್ಲಿ ಕಾಡಿನಲ್ಲಿ ಸಿಗುವ ಮುದುಕಿ, ಋಷಿ ಅಥವಾ ಹಾವು ಆ ಕೆಲಸ ಮಾಡುತ್ತವೆ. ‘ಬೆಟ್ಟದ ಹೂವು’ ಚಿತ್ರದಲ್ಲಿ ಆ ಸ್ಥಾನಕ್ಕೆ ಬರುವವಳು ಹೂಗಳನ್ನು ಕೊಳ್ಳುವ ವಿದೇಶಿ ಮಹಿಳೆ. ಆಕೆ ಕೊಡುವುದು ವರವಲ್ಲ, ಕಾಸು. ದಾತೃ ಇಲ್ಲಿ ಗಿರಾಕಿಯಾಗಿದ್ದಾಳೆ. ಹೀಗಾಗಿ ಜನಪದ ಕತೆಯಲ್ಲಿ ಒಳ್ಳೆಯ ಹುಡುಗನಿಗೆ ಖಚಿತವಾಗಿ ಸಿಗುವ ಫಲ ಈತನಿಗೆ ಸಿಗುವುದಿಲ್ಲ. ಈ ಚಿತ್ರದ ಅಂತ್ಯ ಹಿರಿಯರಿಗೂ ಮಕ್ಕಳಿಗೂ ಒಂದೇ ಆಗಿ ಕಾಣುವುದಿಲ್ಲವೆಂಬುದೇ ಅದರ ಶಕ್ತಿ. ಹಿರಿಯರು ಕಂಬಳಿಯನ್ನು ನೋಡಿ ಹುಡುಗನ ತ್ಯಾಗಕ್ಕೆ ಕಣ್ಣೀರಾಗುತ್ತಾರೆ. ಮಕ್ಕಳು ಅಂಗಡಿಯಲ್ಲಿಯೇ ಉಳಿದ ಪುಸ್ತಕವನ್ನು ನೋಡುತ್ತಾರೆ. ‘ಇನ್ನೊಮ್ಮೆ ದುಡ್ಡು ಕೂಡಿಸಿ ತಗೋತಾನಾ ಅಮ್ಮಾ?’ ಎಂದು ಕೇಳುವ ಮಗುವಿಗೆ ಚಿತ್ರ ಉತ್ತರ ಕೊಡುವುದಿಲ್ಲ. ಉತ್ತರ ಹೇಳುವ ಹೊಣೆ ಪಕ್ಕದವರಿಗೆ ಬೀಳುತ್ತದೆ. ಕತೆಗಾರ್ತಿ ತೆರೆಯಿಂದ ಕುರ್ಚಿಗೆ ಸ್ಥಳಾಂತರಗೊಳ್ಳುವ ಕ್ಷಣವೆಂದು ನಾನು ಇದನ್ನು ಕರೆಯುತ್ತೇನೆ. ತೆರೆಯಿಂದ ಮಗುವಿಗೆ ಹೂಂಗುಟ್ಟುವ ಅವಕಾಶವಿಲ್ಲ. ಅದರ ‘ಹೂಂ’ ಪ್ರಶ್ನೆಯಾಗಿ ಹಿರಿಯರ ಕಿವಿಗೆ ಬರುತ್ತದೆ, ಅವರು ಪಿಸುಗುಡುತ್ತಾರೆ. ಉತ್ತಮ ಕುಟುಂಬಚಿತ್ರವು ಈ ಪಿಸುಮಾತಿಗೆ ಎಡೆ ಬಿಟ್ಟಿರುತ್ತದೆ.

ಟಿ. ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ (೧೯೯೩) ಜನಪ್ರಿಯತೆಯ ದೃಷ್ಟಿಯಿಂದ ಮಹತ್ವದ್ದು. ಹಳ್ಳಿಯ ತಬ್ಬಲಿ ಹುಡುಗ ಪಟ್ಟಣದ ಬೀದಿಗೆ ಬಿದ್ದು ಓಟಗಾರನಾಗಿ ಏಳುವ ಈ ಕತೆಯಲ್ಲಿ ಪ್ರಶ್ನೆಗಳಿಗಿಂತ ಸಮಾಧಾನಗಳೇ ಹೆಚ್ಚು. ಗೆಲುವು ಬೇಗ ಸಿಗುತ್ತದೆ. ಆದರೆ ಎಚ್. ಎಸ್. ವೆಂಕಟೇಶಮೂರ್ತಿ ಅವರ ಗೀತೆಗಳು ಮತ್ತು ಸಿ. ಅಶ್ವಥ್ ಅವರ ಸಂಗೀತ ಕತೆಯ ಈ ಕೊರತೆಯನ್ನು ತುಂಬಿವೆ. ಶಿಶುಪ್ರಾಸದ ಲಯದಲ್ಲಿರುವ ಆ ಹಾಡುಗಳು ಚಿತ್ರವನ್ನು ಬಿಟ್ಟು ಹೊರಬಂದು ಶಾಲಾ ವಾರ್ಷಿಕೋತ್ಸವಗಳಲ್ಲಿ, ಮನೆಗಳಲ್ಲಿ ಬೇರೂರಿವೆ. ಚಿತ್ರವನ್ನು ನೋಡದ ಮಕ್ಕಳೂ ಅವನ್ನು ಹಾಡಬಲ್ಲರು. ಲಿಖಿತ ಮೂಲದ ರಚನೆಯೊಂದು ಜನಪದವಾಗುವ ಪ್ರಕ್ರಿಯೆಗೆ ನಮ್ಮ ಕಾಲದ ಒಳ್ಳೆಯ ನಿದರ್ಶನವಿದು.

ನನ್ನ ಮಟ್ಟಿಗೆ ಈ ಚರ್ಚೆಯ ನಡುಗಂಬ ‘ಕೊಟ್ರೇಶಿ ಕನಸು’ (೧೯೯೪). ಕುಂ. ವೀರಭದ್ರಪ್ಪನವರ ಕತೆಯನ್ನಾಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಈ ಚಿತ್ರದ ಅಭಿನಯಕ್ಕಾಗಿ ವಿಜಯ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಏಳನೆಯ ತರಗತಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ದಲಿತ ಬಾಲಕನೊಬ್ಬ ಹೈಸ್ಕೂಲು ಸೇರಲು ಬಯಸುತ್ತಾನೆ. ಕನಸು ಇಷ್ಟೇ. ಊರು ಅದಕ್ಕೆ ಅಡ್ಡ ನಿಲ್ಲುತ್ತದೆ. ಇದರಲ್ಲಿ ಅಶ್ಲೀಲವಿಲ್ಲ, ಮಕ್ಕಳಿಂದ ಮರೆಮಾಡಬೇಕಾದುದೂ ಇಲ್ಲ. ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಚಿತ್ರವೇ. ಆದರೆ ಕುಳಿತ ಮೇಲೆ ಮಗು ಕೇಳುವ ಮೊದಲ ಪ್ರಶ್ನೆ, ‘ಅವನು ಚೆನ್ನಾಗಿ ಓದ್ತಾನಲ್ಲ, ಮತ್ತೆ ಯಾಕೆ ಸೇರಿಸಿಕೊಳ್ಳಲ್ಲ?’ ಎಂಬುದು. ಈಗ ಪಿಸುಗುಡಬೇಕಾದ ತಂದೆ ಯಾರು?

ಆ ತಂದೆ ಊರಿನ ಯಾವ ಕೇರಿಯವನೆಂಬುದರ ಮೇಲೆ ಉತ್ತರ ನಿಂತಿದೆ. ಒಂದು ಮನೆಯಲ್ಲಿ ಅದು ‘ಆಗಿನ ಕಾಲದಲ್ಲಿ ಹಾಗೆ ಮಾಡ್ತಿದ್ರು’ ಎಂದು ದೂರ ತಳ್ಳುವ ಮಾತಾಗಬಹುದು. ಇನ್ನೊಂದು ಮನೆಯಲ್ಲಿ ತಂದೆ ತನ್ನದೇ ಬಾಲ್ಯವನ್ನು ಹೇಳಬೇಕೋ ಬೇಡವೋ ಎಂದು ತಡವರಿಸಬಹುದು. ‘ಮನೆಮಂದಿ’ ಎಂಬ ಪದವನ್ನು ನಮ್ಮ ಜಾಹೀರಾತುಗಳೂ ವಿಮರ್ಶೆಗಳೂ ಏಕವಚನದಂತೆ ಬಳಸುತ್ತ ಬಂದಿವೆ. ಕನ್ನಡನಾಡಿನಲ್ಲಿ ಇರುವುದೆಲ್ಲ ಒಂದೇ ಮನೆಯೆಂಬಂತೆ, ಅದರ ಅಂಗಳದಲ್ಲಿ ತುಳಸಿಕಟ್ಟೆ, ಒಳಗೆ ತೂಗುಯ್ಯಾಲೆ ಇರುವುದೆಂಬಂತೆ. ‘ಸದಭಿರುಚಿ’ ಎಂಬ ಮತ್ತೊಂದು ಪದದ ಬೆನ್ನಿಗಿರುವುದೂ ಇದೇ ಮನೆ. ‘ಕೊಟ್ರೇಶಿ ಕನಸು’ ಆ ಏಕವಚನವನ್ನು ಒಡೆಯುತ್ತದೆ. ಒಂದೇ ಚಿತ್ರಮಂದಿರದಲ್ಲಿ ಅಕ್ಕಪಕ್ಕದ ಎರಡು ಕುಟುಂಬಗಳು ತಂತಮ್ಮ ಮಕ್ಕಳಿಗೆ ಎರಡು ಬೇರೆ ಪಿಸುಮಾತುಗಳನ್ನು ಹೇಳುವಂತೆ ಮಾಡಿದ ಇಂಥ ಚಿತ್ರಗಳು ಕನ್ನಡದಲ್ಲಿ ವಿರಳ. ಮನೆಯೊಳಗಿನ ಕತೆಗಳ ಸಂಗ್ರಹದಲ್ಲಿಯೂ ಹೀಗೆಯೇ ಆಗಿದೆ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬೇಕು: ಯಾರ ಮನೆಯ ಅಜ್ಜಿಯ ಬಳಿಗೆ ನಾವು ಧ್ವನಿಮುದ್ರಣ ಯಂತ್ರ ಒಯ್ದೆವೋ ಅವಳ ಕತೆ ‘ಅಜ್ಜಿ ಕತೆ’ಯಾಯಿತು.

೫

೧೯೫೫ರಲ್ಲಿ ಸ್ಥಾಪನೆಗೊಂಡ ಮಕ್ಕಳ ಚಲನಚಿತ್ರ ಸಂಘ ೨೦೨೨ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಈ ಅವಧಿಯಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಹಲವು ಬಾರಿ ಬಂದಿದೆ. ಬಾಲಕ ಕಿಶನ್ ನಿರ್ದೇಶಿಸಿದ ‘ಕೇರ್ ಆಫ್ ಫುಟ್‌ಪಾತ್’ (೨೦೦೬), ಅಭಯಸಿಂಹರ ‘ಗುಬ್ಬಚ್ಚಿಗಳು’ (೨೦೦೮), ಪಿ. ಆರ್. ರಾಮದಾಸ ನಾಯ್ಡು ಅವರ ‘ಹೆಜ್ಜೆಗಳು’ (೨೦೧೦), ರಿಷಬ್ ಶೆಟ್ಟಿ ಅವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (೨೦೧೮) ಇವು ನೆನಪಿಗೆ ಬರುವ ಹೆಸರುಗಳು. ಕೊನೆಯದನ್ನು ಬಿಟ್ಟರೆ ಇಂಥ ಚಿತ್ರಗಳು ತೀರ್ಪುಗಾರರಿಗೆ ಸಿಕ್ಕಷ್ಟು ಸುಲಭವಾಗಿ ಮಕ್ಕಳಿಗೆ ಸಿಗಲಿಲ್ಲವೆಂಬುದು ವಿಷಾದದ ಸಂಗತಿ. ಪ್ರಶಸ್ತಿಯ ಗುರಿಯಿಟ್ಟ ಮಕ್ಕಳ ಚಿತ್ರಗಳಲ್ಲಿ ಒಂದು ಸಾಮಾನ್ಯ ದೋಷವಿದೆ. ಅವು ಮಕ್ಕಳ ಬಗೆಗೆ ಹಿರಿಯರು ಹಿರಿಯರಿಗೆ ಹೇಳುವ ಚಿತ್ರಗಳು. ಅವುಗಳಲ್ಲಿ ಮಗು ಒಂದು ಸಂದೇಶವನ್ನು ಹೊತ್ತು ತರುವ ಆಳು.

‘ಗುಬ್ಬಚ್ಚಿಗಳು’ ಈ ದೋಷದಿಂದ ಬಹುಮಟ್ಟಿಗೆ ಪಾರಾಗಿದೆ. ಬೆಂಗಳೂರಿನ ಇಬ್ಬರು ಮಕ್ಕಳು ಗುಬ್ಬಚ್ಚಿಯನ್ನು ಹುಡುಕುತ್ತ ನಗರವನ್ನು ಅಲೆಯುವ ಈ ಕತೆಯನ್ನು ಪರಿಸರ ಕಾಳಜಿಯ ಚಿತ್ರವೆಂದು ಸರಳವಾಗಿ ವರ್ಗೀಕರಿಸಲಾಗಿದೆ. ಜಾನಪದದ ಕಡೆಯಿಂದ ನೋಡಿದರೆ ಇದು ಕಾಗಕ್ಕ ಗುಬ್ಬಕ್ಕನ ಕತೆಯ ತಲೆಕೆಳಗಾದ ರೂಪ. ಅಲ್ಲಿ ಗುಬ್ಬಿ ಮನೆಯೊಳಗಿತ್ತು, ಬಾಗಿಲು ತಟ್ಟುವವರು ಹೊರಗಿದ್ದರು. ಇಲ್ಲಿ ಮನೆಯೊಳಗಿನ ಮಕ್ಕಳೇ ಹೊರಬಿದ್ದು ಗುಬ್ಬಿಗಾಗಿ ಊರಿನ ಬಾಗಿಲುಗಳನ್ನೆಲ್ಲ ತಟ್ಟುತ್ತಾರೆ. ಕತೆಯಲ್ಲಿ ಕೇಳಿದ ಹಕ್ಕಿ ಕಣ್ಣಿಗೆ ಸಿಗದಾದಾಗ, ಹೇಳಿದವರ ಮಾತೇ ಸುಳ್ಳಾಗುವ ಅಪಾಯವಿದೆ. ಗುಬ್ಬಿಯನ್ನು ಕಂಡು ಬೆಳೆದ ತಾಯಿಗೆ ಈ ಚಿತ್ರ ಒಂದು ನಷ್ಟದ ನೆನಪು. ಎಂದೂ ಕಾಣದ ಮಗುವಿಗೆ ಸಾಹಸದ ಹುಡುಕಾಟ.

ಕಾಸರಗೋಡಿನ ಶಾಲೆಯ ಚಿತ್ರ ಪ್ರೇಕ್ಷಕರನ್ನು ದೊಡ್ಡ ಸಂಖ್ಯೆಯಲ್ಲಿ ಸೆಳೆಯಿತು. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದು ಮುಚ್ಚುವ ಸ್ಥಿತಿಗೆ ಬಂದಾಗ ಮಕ್ಕಳು ಹೋರಾಡುವ ಕತೆಯಿದು. ಇದರ ಮೊದಲರ್ಧ, ಅಲ್ಲಿಯ ಆಡುನುಡಿಯ ಸೊಗಡು, ಮಕ್ಕಳ ತುಂಟತನ, ಜಗಳಗಳಿಂದ ಜೀವಂತವಾಗಿದೆ. ಮಕ್ಕಳಿಗೂ ಪಾಲಕರಿಗೂ ಒಂದೇ ಮಾತಿಗೆ ನಗು ಬರುತ್ತದೆ, ಕಾರಣಗಳು ಮಾತ್ರ ಬೇರೆ. ಉತ್ತರಾರ್ಧದಲ್ಲಿ ಅನಂತನಾಗ್ ಅವರ ಪಾತ್ರ ಪ್ರವೇಶಿಸಿದ ಮೇಲೆ ಹೋರಾಟ ನ್ಯಾಯಾಲಯಕ್ಕೆ ಸಾಗುತ್ತದೆ. ಹಿರಿಯರು ವಾದಿಸುತ್ತಾರೆ, ಮಕ್ಕಳು ಕೇಳುತ್ತಾರೆ. ಅಭಿನಯ ಎಷ್ಟೇ ಸೊಗಸಾಗಿದ್ದರೂ ಚಿತ್ರ ಅಲ್ಲಿ ಮಕ್ಕಳ ಕೈತಪ್ಪುತ್ತದೆ. ಮಲಯಾಳ ಮಾತ್ರ ಬಲ್ಲ ಶಿಕ್ಷಕನನ್ನು ಹಾಸ್ಯದ ವಸ್ತುವಾಗಿಸಿರುವುದೂ ಪ್ರಶ್ನಾರ್ಹ. ಬಯಲಾಟದ ಹಾಸ್ಯಗಾರ ನಗುವುದು ಅರಸನನ್ನು. ಇಲ್ಲಿ ನಗು ನೆರೆಯವನ ನುಡಿಯ ಕಡೆಗೆ ತಿರುಗಿದೆ. ಕಾಸರಗೋಡಿನಂತಹ ಬಹುಭಾಷಿಕ ಊರಿನಲ್ಲಿ ತುಳು, ಮಲಯಾಳ, ಕನ್ನಡಗಳನ್ನು ಒಟ್ಟಿಗೆ ಆಡುತ್ತ ಬೆಳೆಯುವ ಮಗು ಆ ನಗೆಯನ್ನು ಎಲ್ಲಿ ನಿಂತು ನಗಬೇಕು?

೬

ಚಿತ್ರಗಳಷ್ಟೇ ಅವುಗಳನ್ನು ನ��ಡುವ ಸ್ಥಳಗಳೂ ಅಧ್ಯಯನಾರ್ಹ. ಟೂರಿಂಗ್ ಟಾಕೀಸುಗಳಲ್ಲಿ ನೆಲದ ಮೇಲೆ ಕುಳಿತ ಹೆಂಗಸರು ಮತ್ತು ಮಕ್ಕಳು ಪಿಸುಮಾತಲ್ಲ, ದೊಡ್ಡ ದನಿಯಲ್ಲಿಯೇ ಮಾತಾಡಿಕೊಳ್ಳುತ್ತಿದ್ದರು. ರೀಲು ಬದಲಾಯಿಸುವ ವಿರಾಮಗಳಲ್ಲಿ ಕತೆಯ ಚರ್ಚೆ ನಡೆಯುತ್ತಿತ್ತು. ಮಕ್ಕಳು ನಿದ್ದೆ ಹೋಗುತ್ತಿದ್ದರು. ಬಯಲಾಟದ ವೀಕ್ಷಣಾ ಕ್ರಮವೇ ಅಲ್ಲಿ ಮುಂದುವರಿದಿತ್ತು. ಎಂಬತ್ತರ ದಶಕದ ನಂತರ ದೂರದರ್ಶನದ ವಾರಾಂತ್ಯದ ಕನ್ನಡ ಚಿತ್ರಕ್ಕಾಗಿ ಒಂದು ಮನೆಯ ಪಡಸಾಲೆಯಲ್ಲಿ ಇಡೀ ಬೀದಿ ಸೇರುತ್ತಿದ್ದುದು ಅದರ ಇನ್ನೊಂದು ರೂಪ. ಬಹುಪರದೆಯ ಮಾಲ್‌ಗಳಲ್ಲಿ ಮಾತು ಅಸಭ್ಯತೆಯಾಯಿತು. ಈಗ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೊಬೈಲುಗಳಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾಲ್ಕು ಚಿತ್ರ ನೋಡುವುದು ಸಾಮಾನ್ಯವಾಗಿದೆ. ಮಕ್ಕಳಿಗಾಗಿಯೇ ಪ್ರತ್ಯೇಕಿಸಿದ ವಿಭಾಗದಲ್ಲಿ ಹಾನಿಕರವಾದುದೇನೂ ಇಲ್ಲದಂತೆ ಸೋಸಲಾಗಿರುತ್ತದೆ; ಹೀಗಾಗಿ ಹಿರಿಯರು ಪಕ್ಕದಲ್ಲಿ ಇರಬೇಕಾಗಿಯೂ ಇಲ್ಲ. ‘ಏನಿಲ್ಲ’ ಎಂಬ ಅಳತೆಗೋಲಿನ ತಾರ್ಕಿಕ ಕೊನೆ ಇದು.

ಹಿಂದಿನ ಸಹವೀಕ್ಷಣೆಗೆ ಉಳಿದಿರುವ ಲಿಖಿತ ಸಾಕ್ಷ್ಯವೊಂದರ ಕಡೆಗೆ ಗ್ರಂಥಾಲಯಗಳ ಗಮನ ಸೆಳೆಯುವುದು ಅಗತ್ಯವೆನಿಸುತ್ತದೆ. ಚಿತ್ರಮಂದಿರಗಳ ಮುಂದೆ ಕೆಲವೇ ಪೈಸೆಗಳಿಗೆ ಮಾರಾಟವಾಗುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಹಾಡುಗಳ ಜೊತೆಗೆ ಕಥಾಸಾರಾಂಶವೂ ಇರುತ್ತಿತ್ತು. ಅದು ಕತೆಯ ತಿರುವಿನವರೆಗೆ ಬಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ನಿಲ್ಲುತ್ತಿತ್ತು. ಅಕ್ಷರ ಬಲ್ಲ ಮಗು ಅದನ್ನು ಓದುಬಾರದ ತಾಯಿಗೆ, ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದೂ ಉಂಟು. ಆಗ ಹೂಂಗುಟ್ಟುವ ಸರದಿ ಹಿರಿಯರದಾಗುತ್ತಿತ್ತು. ಗೊತ್ತಿಲ್ಲದ ಸಾಮಾಜಿಕ ಕತೆಯನ್ನು ಪುರಾಣದಂತೆ ಮೊದಲೇ ಗೊತ್ತುಮಾಡಿಕೊಡುವ ಕೆಲಸವನ್ನು ಈ ಪುಸ್ತಿಕೆಗಳು ಮಾಡಿದವು. ಅಗ್ಗದ ಕಾಗದದಲ್ಲಿ ಅಚ್ಚಾದ ಇವು ಯಾವ ಗ್ರಂಥಸೂಚಿಯಲ್ಲೂ ಸೇರದೆ ಖಾಸಗಿ ಸಂಗ್ರಹಗಳಲ್ಲಿ, ಹಳೆಯ ಪುಸ್ತಕದಂಗಡಿಗಳಲ್ಲಿ ಪುಡಿಯಾಗುತ್ತಿವೆ. ಕೈಗೆ ಸಿಗುವ ಪ್ರತಿಗಳ ಅಂಚಿನಲ್ಲಿ ಕೆಲವೊಮ್ಮೆ ಪೆನ್ಸಿಲಿನ ಗುರುತುಗಳಿರುತ್ತವೆ: ಒಂದು ಹಾಡಿನ ಪಕ್ಕದಲ್ಲಿ ಗೆರೆ, ಸಾರಾಂಶ ನಿಂತಲ್ಲಿ ಎಳೆಯ ಕೈಬರಹದಲ್ಲಿ ಬರೆದು ಮುಗಿಸಿದ ಕೊನೆ.